ತೊಟ್ಟಿಲು ಸೇರಿದ ಸೇನಾಪತಿ

ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಬೀಳ್ಕೊಡುಗೆಯ ಸಮಾರಂಭ ಹೊಸದಲ್ಲ. ಹಾರ ಹಾಕಿ, ಶಾಲು ಹೊದಿಸಿ, ನಾಲ್ಕು ಮಂದಿ ನಾಲ್ಕು ಮಾತಾಡಿದ ಮೇಲೆ, ಕೆಲವು ಕಡೆ ಯಾರಾದರೊಬ್ಬರು ಎದ್ದು ನಿಂತು ‘ಜಾಲಿ ಗುಡ್ ಫೆಲೋ’ ಎಂಬ ಇಂಗ್ಲಿಷ್ ಹಾಡನ್ನು ಎತ್ತುವುದುಂಟು. ಉಳಿದವರು ಚಪ್ಪಾಳೆ ತಟ್ಟುತ್ತ ದನಿಗೂಡಿಸುತ್ತಾರೆ. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೂ ಈ ಧಾಟಿ ಚೆನ್ನಾಗಿ ಗೊತ್ತು. ಒಬ್ಬ ಒಳ್ಳೆಯ ಮನುಷ್ಯನನ್ನು ಹೊಗಳುವ ಈ ಹಾಡಿನ ಧಾಟಿ ಫ್ರಾನ್ಸಿನಿಂದ ಬಂದದ್ದು. ಅಲ್ಲಿ ಅದು ಒಬ್ಬ ಇಂಗ್ಲಿಷ್ ಸೇನಾಪತಿ ಸತ್ತನೆಂದು ಹಿಗ್ಗಿ ಕಟ್ಟಿದ ಅಣಕದ ಹಾಡಾಗಿತ್ತು ಎಂದರೆ ಅನೇಕರಿಗೆ ಸೋಜಿಗವಾದೀತು. ಇನ್ನೂ ಸೋಜಿಗದ ಸಂಗತಿಯೆಂದರೆ, ಆ ಸೇನಾಪತಿ ಆಗ ಸತ್ತೇ ಇರಲಿಲ್ಲ!

ಆ ಹಾಡಿನ ಹೆಸರು ‘ಮಾಲ್ಬ್ರೂ ಯುದ್ಧಕ್ಕೆ ಹೊರಟ’ ಎಂದು. ಫ್ರಾನ್ಸಿನ ಮಕ್ಕಳು ತಲೆಮಾರುಗಳಿಂದ ಅದನ್ನು ಹಾಡುತ್ತ ಬಂದಿದ್ದಾರೆ. ಮಾಲ್ಬ್ರೂ ಯಾರು, ಯಾವ ಯುದ್ಧಕ್ಕೆ ಹೋದ ಎಂಬುದು ಹಾಡುವ ಮಗುವಿಗೂ ಬೇಕಿಲ್ಲ, ಹಾಡಿಸುವ ತಾಯಿಗೂ ಬೇಕಿಲ್ಲ. ಆದರೆ ಮಕ್ಕಳ ಹಾಡೆಂದು ನಾವು ಪಕ್ಕಕ್ಕೆ ಸರಿಸಿಬಿಡುವ ಇಂಥ ಹಾಡುಗಳೊಳಗೆ ಒಂದು ನಾಡಿನ ನೋವು, ಸಿಟ್ಟು, ಹಾಸ್ಯ ಹೇಗೆ ಅಡಗಿ ಕುಳಿತಿರುತ್ತವೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಅದಕ್ಕಾಗಿ ಈ ತಿಂಗಳು ಅದರ ಬೆನ್ನು ಹತ್ತಿ ಸ್ವಲ್ಪ ದೂರ ಹೋಗಿ ಬರೋಣ.

ಹಾಡಿನ ಕಥೆ

ಹಾಡಿನ ಕಥೆ ಸರಳವಾದುದು. ಮಾಲ್ಬ್ರೂ ದಂಡಿಗೆ ಹೊರಟಿದ್ದಾನೆ. ಯಾವಾಗ ಹಿಂದಿರುಗುವನೋ ತಿಳಿಯದು. ಈಸ್ಟರ್ ಹಬ್ಬಕ್ಕೆ ಬಂದಾನು, ತಪ್ಪಿದರೆ ಟ್ರಿನಿಟಿ ಹಬ್ಬಕ್ಕಾದರೂ ಬಂದಾನು ಎಂದು ಮನೆಯವರ ನಿರೀಕ್ಷೆ. ಈಸ್ಟರ್ ಕಳೆದು ಎಂಟು ವಾರಕ್ಕೆ ಟ್ರಿನಿಟಿ ಬರುತ್ತದೆ. ಅದೂ ಕಳೆಯಿತು, ಮಾಲ್ಬ್ರೂ ಬರಲಿಲ್ಲ. ಅವನ ಹೆಂಡತಿ ತನ್ನ ಗೋಪುರವನ್ನು ಹತ್ತಬಹುದಾದಷ್ಟು ಎತ್ತರಕ್ಕೆ ಹತ್ತಿ ದಾರಿ ನೋಡುತ್ತಾಳೆ. ದೂರದಲ್ಲಿ ಊಳಿಗದ ಹುಡುಗ ಬರುವುದು ಕಾಣುತ್ತದೆ. ಮೈಮೇಲೆ ಕಪ್ಪು ಬಟ್ಟೆ. ಏನು ಸುದ್ದಿ ತಂದೆ ಎಂದು ಕೇಳುತ್ತಾಳೆ. ನಿಮ್ಮ ಕಣ್ಣಲ್ಲಿ ನೀರು ತರಿಸುವ ಸುದ್ದಿ, ಬಣ್ಣದ ಬಟ್ಟೆ ಕಳಚಿಡಿ, ಒಡೆಯರು ತೀರಿಕೊಂಡು ಮಣ್ಣೂ ಆಯಿತು ಎನ್ನುತ್ತಾನೆ ಅವನು.

ಆಮೇಲೆ ಶವಯಾತ್ರೆಯ ವರ್ಣನೆ. ನಾಲ್ವರು ಅಧಿಕಾರಿಗಳು ಹೆಗಲು ಕೊಟ್ಟರು. ಒಬ್ಬ ಸತ್ತವನ ಎದೆಗವಚವನ್ನು ಹಿಡಿದಿದ್ದ, ಇನ್ನೊಬ್ಬ ಗುರಾಣಿಯನ್ನು, ಮತ್ತೊಬ್ಬ ದೊಡ್ಡ ಖಡ್ಗವನ್ನು. ನಾಲ್ಕನೆಯವನು ಏನನ್ನೂ ಹಿಡಿದಿರಲಿಲ್ಲ. ಗೋರಿಯ ಸುತ್ತ ಸುಗಂಧದ ಗಿಡ ನೆಟ್ಟರು. ಎತ್ತರದ ಕೊಂಬೆಯ ಮೇಲೆ ನೈಟಿಂಗೇಲ್ ಹಕ್ಕಿ ಹಾಡಿತು. ಲಾರೆಲ್ ಎಲೆಗಳ ನಡುವೆ ಅವನ ಆತ್ಮ ಹಾರಿಹೋಯಿತು. ಲಾರೆಲ್ ಎಂದರೆ ಯುರೋಪಿನಲ್ಲಿ ಗೆದ್ದ ವೀರನಿಗೆ ತೊಡಿಸುವ ಎಲೆ. ನೆರೆದವರೆಲ್ಲ ನೆಲಕ್ಕೆ ಅಡ್ಡಬಿದ್ದು, ಎದ್ದು, ಅವನ ಜಯಗಳನ್ನು ಹಾಡಿ, ಮನೆಗೆ ಹೋಗಿ ಮಲಗಿದರು. ಕೆಲವರು ಹೆಂಡಿರೊಡನೆ, ಕೆಲವರು ಒಂಟಿಯಾಗಿ. ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಈ ಕೊನೆಯ ನುಡಿಗಳನ್ನು ಬಿಟ್ಟುಬಿಡುತ್ತವೆ. ಸಾಲುಸಾಲಿಗೂ ನಡುವೆ ಅರ್ಥವಿಲ್ಲದ ಪಲ್ಲವಿಯ ಶಬ್ದಗಳು ಡೋಲು ಬಾರಿಸಿದಂತೆ ಬರುತ್ತವೆ. ಸಾವಿನ ಸುದ್ದಿ ಹೇಳುವಾಗಲೂ ಆ ಶಬ್ದಗಳು ಕುಣಿಯುತ್ತಲೇ ಇರುತ್ತವೆ. ಹಾಡು ಅಳುತ್ತಿದೆಯೋ ನಗುತ್ತಿದೆಯೋ ಎಂದು ಕೇಳುವವನಿಗೆ ಗೊಂದಲ. ಈ ಗೊಂದಲದಲ್ಲಿಯೇ ಹಾಡಿನ ಜೀವವಿದೆ.

ಚರಿತ್ರೆಯ ಮಾರ್ಲ್‌ಬರೋ

ಮಾಲ್ಬ್ರೂ ಎಂದರೆ ಮಾರ್ಲ್‌ಬರೋದ ಮೊದಲನೆಯ ಡ್ಯೂಕ್ ಜಾನ್ ಚರ್ಚಿಲ್. ಹುಟ್ಟಿದ್ದು ೧೬೫೦ರಲ್ಲಿ. ಅವನು ಯುದ್ಧವಿದ್ಯೆಯ ಪಾಠಗಳನ್ನು ಫ್ರೆಂಚರ ಕೈಕೆಳಗೂ ಕಲಿತಿದ್ದ. ೧೬೭೦ರ ದಶಕದಲ್ಲಿ ಇಂಗ್ಲೆಂಡೂ ಫ್ರಾನ್ಸೂ ಒಂದಾಗಿ ಡಚ್ಚರ ಮೇಲೆ ಯುದ್ಧ ಹೂಡಿದ್ದಾಗ, ಅವನು ಹದಿನಾಲ್ಕನೆಯ ಲೂಯಿಯ ಸೈನ್ಯದಲ್ಲಿ ತ್ಯುರೆನ್ ಎಂಬ ಹೆಸರಾಂತ ದಂಡನಾಯಕನ ಬಳಿ ಸೇವೆ ಮಾಡಿದ. ಮುಂದೆ ಅದೇ ಲೂಯಿಗೆ ಅವನೇ ದುಃಸ್ವಪ್ನವಾದ. ಸ್ಪೇನಿನ ಸಿಂಹಾಸನ ಯಾರಿಗೆ ಸಲ್ಲಬೇಕೆಂಬ ಜಗಳದಿಂದ ೧೭೦೧ರಲ್ಲಿ ಹತ್ತಿಕೊಂಡ ಯುದ್ಧದಲ್ಲಿ ಬ್ರಿಟಿಷ್, ಡಚ್, ಆಸ್ಟ್ರಿಯನ್ ಪಡೆಗಳು ಒಂದು ಕಡೆ, ಫ್ರೆಂಚರು ಇನ್ನೊಂದು ಕಡೆ. ೧೭೦೪ರಲ್ಲಿ ಬ್ಲೆನ್‌ಹೈಮ್, ೧೭೦೬ರಲ್ಲಿ ರಾಮಿಯಿ, ೧೭೦೮ರಲ್ಲಿ ಔಡೆನಾರ್ಡ್ - ಒಂದರ ಮೇಲೊಂದು ಕದನದಲ್ಲಿ ಮಾರ್ಲ್‌ಬರೋ ಫ್ರೆಂಚರನ್ನು ಸೋಲಿಸಿದ.

ಇದರ ಮೇಲೆ ೧೭೦೯ರ ಜನವರಿಯಲ್ಲಿ ಹಿಂದೆಂದೂ ಕಾಣದಂಥ ಚಳಿ ಬಿತ್ತು. ಫ್ರಾನ್ಸಿನ ನದಿಗಳು ಹೆಪ್ಪುಗಟ್ಟಿದವು. ಬಿತ್ತಿದ ಗೋಧಿ ಮಣ್ಣಿನಲ್ಲಿಯೇ ಸತ್ತಿತು. ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಸೂರ್ಯನಿಗೆ ತನ್ನನ್ನು ಹೋಲಿಸಿಕೊಳ್ಳುತ್ತಿದ್ದ ರಾಜ ಹದಿನಾಲ್ಕನೆಯ ಲೂಯಿ, ಅರಮನೆಯ ಬೆಳ್ಳಿಯ ಪಾತ್ರೆಗಳನ್ನು ಕರಗಿಸಿ ನಾಣ್ಯ ಮಾಡಲು ಟಂಕಸಾಲೆಗೆ ಕಳಿಸಬೇಕಾಯಿತು. ದೇಶವನ್ನು ಕಾಪಾಡಲು ನೆರವಾಗಿರೆಂದು ಪ್ರಜೆಗಳಿಗೆ ಪತ್ರ ಬರೆದು ಬೇಡಿಕೊಂಡ. ಹೊಟ್ಟೆಗಿಲ್ಲದ ರೈತರ ಮಕ್ಕಳು, ಪಡೆಯಲ್ಲಾದರೂ ರೊಟ್ಟಿ ಸಿಕ್ಕೀತೆಂದು ಸೈನ್ಯ ಸೇರಿದರು.

ಆ ಸೈನ್ಯಕ್ಕೂ ಮಾರ್ಲ್‌ಬರೋನಿಗೂ ೧೭೦೯ರ ಸೆಪ್ಟೆಂಬರ್ ೧೧ರಂದು ಮಾಲ್ಪ್ಲಾಕೆ ಎಂಬಲ್ಲಿ ಮುಖಾಮುಖಿಯಾಯಿತು. ಇಂದಿನ ಬೆಲ್ಜಿಯಂ ಗಡಿಗೆ ಅಂಟಿಕೊಂಡು, ಫ್ರಾನ್ಸಿನ ಮಗ್ಗುಲಲ್ಲಿರುವ ಸಣ್ಣ ಹಳ್ಳಿ ಅದು. ಆ ಶತಮಾನದ ಅತ್ಯಂತ ಭೀಕರ ಕದನಗಳಲ್ಲಿ ಒಂದೆಂದು ಇದನ್ನು ಎಣಿಸುತ್ತಾರೆ. ಕೊನೆಗೆ ಕಣ ಮಾರ್ಲ್‌ಬರೋನ ಕೈಗೇ ಬಂತು. ಆದರೆ ಅವನ ಪಕ್ಷದಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದರು. ಫ್ರೆಂಚರ ನಷ್ಟ ಅದರ ಸುಮಾರು ಅರ್ಧದಷ್ಟು. ಫ್ರೆಂಚ್ ದಂಡನಾಯಕ ವಿಲಾರ್ ಮೊಣಕಾಲಿಗೆ ಗುಂಡು ತಗುಲಿ ಬಿದ್ದ. ಅವನ ಪಡೆ ಮುರಿಯದೆ, ಸಾಲು ಕಟ್ಟಿಕೊಂಡೇ ಹಿಂದೆ ಸರಿಯಿತು. ಶತ್ರು ಪ್ಯಾರಿಸ್ಸಿಗೆ ನುಗ್ಗಬಹುದೆಂಬ ಭಯ ಅಷ್ಟಕ್ಕೆ ತಗ್ಗಿತು.

ಈ ಕದನದ ಹೊಗೆಯ ನಡುವೆ ಫ್ರೆಂಚ್ ಪಡೆಯಲ್ಲಿ ಒಂದು ಗಾಳಿಸುದ್ದಿ ಹಬ್ಬಿತು, ಮಾರ್ಲ್‌ಬರೋ ಸತ್ತ ಎಂದು. ಆ ಸುದ್ದಿಯ ಬೆನ್ನಿಗೇ ಸೈನಿಕರ ನಡುವೆ ಹಾಡು ಹುಟ್ಟಿತೆಂದು ಪ್ರತೀತಿ. ಹಾಡಿನ ಅಚ್ಚು ಮಾತ್ರ ಹಳೆಯದು. ೧೫೬೩ರಲ್ಲಿ ಗೀಸ್ ಮನೆತನದ ಡ್ಯೂಕ್ ಫ್ರಾನ್ಸ್ವಾ ಕೊಲೆಯಾದಾಗ ಅವನ ವಿರೋಧಿಗಳಾದ ಪ್ರಾಟೆಸ್ಟಂಟರು ಅವನ ಶವಯಾತ್ರೆಯನ್ನು ಅಣಕಿಸಿ ಕಟ್ಟಿದ ಹಾಡೊಂದಿತ್ತು. ಅದರಲ್ಲಿಯೂ ಸತ್ತವನ ಆಯುಧಗಳನ್ನು ಒಬ್ಬೊಬ್ಬರು ಒಂದೊಂದಾಗಿ ಹೊತ್ತು ನಡೆಯುವ ಮೆರವಣಿಗೆಯಿದೆ. ಅಚ್ಚು ಅದೇ, ಎರೆದ ಬೆಲ್ಲ ಹೊಸದು ಎನ್ನಬಹುದು.

ಇತ್ತ ಮಾರ್ಲ್‌ಬರೋ ಸುಖವಾಗಿಯೇ ಮನೆ ಸೇರಿದ. ೧೭೧೧ರ ಕೊನೆಗೆ ರಾಜಕೀಯದ ಒಳಜಗಳದಿಂದ ಅಧಿಕಾರ ಕಳೆದುಕೊಂಡ. ೧೭೨೨ರಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ತೀರಿಕೊಂಡ. ಹಾಡಿನಲ್ಲಿ ಗೋಪುರ ಹತ್ತಿ ಕಣ್ಣೀರಿಡುವ ಅವನ ಹೆಂಡತಿ ಸಾರಾ, ನಿಜದಲ್ಲಿ ಇಂಗ್ಲೆಂಡಿನ ಆನ್ ರಾಣಿಯ ಆಪ್ತ ಗೆಳತಿಯಾಗಿ ಬಹುಕಾಲ ದರ್ಬಾರನ್ನೇ ಆಡಿಸಿದ ಗಟ್ಟಿಗಿತ್ತಿ. ಗಂಡನ ನಂತರವೂ ಇಪ್ಪತ್ತೆರಡು ವರ್ಷ ಬಾಳಿ ೧೭೪೪ರಲ್ಲಿ ಸತ್ತಳು. ಹಾಡಿಗೆ ಇದಾವುದೂ ಗೊತ್ತಿಲ್ಲ. ಗೊತ್ತಿದ್ದರೂ ಅದು ಕೇಳುತ್ತಿರಲಿಲ್ಲ. ರಣರಂಗದಲ್ಲಿ ಗೆಲ್ಲಲಾಗದವನನ್ನು ಹಾಡಿನಲ್ಲಿಯಾದರೂ ಹೂಳಬೇಕೆಂಬ ಬಯಕೆ, ಹಸಿದ, ಸೋತ ಜನರದು. ನಗೆಯೊಂದೇ ಅವರ ಕೈಯಲ್ಲಿ ಉಳಿದಿದ್ದ ಆಯುಧ.

ದಾದಿಯ ಹಾಡು

ಯುದ್ಧದ ಹಾಡುಗಳು ಸಾಮಾನ್ಯವಾಗಿ ಯುದ್ಧದೊಡನೆ ಸಾಯುತ್ತವೆ. ಇದು ಸಾಯಲಿಲ್ಲ. ಎಪ್ಪತ್ತು ವರ್ಷಗಳ ಕಾಲ ಅದು ದೊಡ್ಡವರ ಕಣ್ಣಿಗೆ ಬೀಳದೆ ಹಳ್ಳಿಯ ಮನೆಗಳಲ್ಲಿ ಬಾಯಿಂದ ಬಾಯಿಗೆ ದಾಟುತ್ತಿತ್ತು. ಆಗ ಒಬ್ಬ ದಾದಿ ಅದನ್ನು ಅರಮನೆಗೆ ತಂದಳು.

೧೭೮೧ರ ಅಕ್ಟೋಬರಿನಲ್ಲಿ ಹದಿನಾರನೆಯ ಲೂಯಿಗೂ ರಾಣಿ ಮೇರಿ ಆಂಟಾಯ್ನೆಟ್‌ಗೂ ಮೊದಲ ಗಂಡುಮಗು, ರಾಜ್ಯದ ಉತ್ತರಾಧಿಕಾರಿ, ಹುಟ್ಟಿತು. ರಾಜಮನೆತನದ ಶಿಶುವಿಗೆ ಮೊಲೆಯೂಡಲು ದಾದಿಯನ್ನು ಗೊತ್ತು ಮಾಡುವುದು ಅಲ್ಲಿಯ ರೂಢಿ. ಹಾಗೆ ಬಂದವಳು ಮದಾಮ್ ಪ್ವಾತ್ರಿನ್ ಎಂಬ ಹಳ್ಳಿಯ ಹೆಣ್ಣುಮಗಳು. ಫ್ರೆಂಚಿನಲ್ಲಿ ‘ಪ್ವಾತ್ರಿನ್’ ಎಂದರೆ ಎದೆ. ಹೆಸರಿಗೂ ಕಸುಬಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು! ವರ್ಸೇಲ್ಸ್ ಅರಮನೆಯ ಕನ್ನಡಿ, ರೇಷ್ಮೆ, ಶಿಷ್ಟಾಚಾರಗಳ ನಡುವೆ ಆಕೆ ತೊಟ್ಟಿಲು ತೂಗುತ್ತ ಹಾಡಿದ್ದು ತನ್ನೂರಿನ ಹಾಡನ್ನೇ. ಮಾಲ್ಬ್ರೂ ಯುದ್ಧಕ್ಕೆ ಹೋದ ಕಥೆಯನ್ನು ಅವಳ ಬಾಯಿಂದ ಕೇಳಿ ರಾಣಿ ಮೆಚ್ಚಿದಳು, ತಾನೂ ಹಾಡಿದಳು ಎಂದು ಆ ಕಾಲದವರು ಹೇಳುತ್ತಾರೆ.

ರಾಣಿ ಮೆಚ್ಚಿದ ಮೇಲೆ ಕೇಳಬೇಕೆ? ಪ್ಯಾರಿಸ್ಸಿನ ಬೀದಿಬೀದಿಯಲ್ಲಿ ಅದೇ ಹಾಡು. ಬೀಸಣಿಗೆಗಳ ಮೇಲೆ ಮಾಲ್ಬ್ರೂನ ಶವಯಾತ್ರೆಯ ಚಿತ್ರ ಬಂತು. ಉಡುಪುಗಳಿಗೆ ಅವನ ಹೆಸರು ಬಂತು. ೧೭೮೩ರಿಂದ ರಾಣಿ ತನ್ನ ವಿಹಾರಕ್ಕಾಗಿ ವರ್ಸೇಲ್ಸಿನ ತೋಟದಲ್ಲಿ ಒಂದು ಆಟದ ಹಳ್ಳಿಯನ್ನೇ ಕಟ್ಟಿಸತೊಡಗಿದಳು. ಹುಲ್ಲು ಹೊದಿಸಿದ ಮನೆಗಳು, ಹಾಲಿನ ಮನೆ, ಬೀಸುವ ಗಿರಣಿ, ಒಂದು ಕೆರೆ. ಆ ಕೆರೆಯ ದಂಡೆಯ ಮೇಲಿನ ಗೋಪುರಕ್ಕೆ ಇಟ್ಟ ಹೆಸರು ಮಾರ್ಲ್‌ಬರೋ ಗೋಪುರ. ಈಗಲೂ ವರ್ಸೇಲ್ಸ್ ನೋಡಲು ಹೋದವರು ಅದನ್ನು ಕಾಣಬಹುದು. ಫ್ರೆಂಚರನ್ನು ಬಗ್ಗುಬಡಿದ ಇಂಗ್ಲಿಷ್ ಸೇನಾಪತಿಯ ಹೆಸರು ಫ್ರೆಂಚ್ ರಾಣಿಯ ತೋಟದಲ್ಲಿ! ಯಾವ ಸಂಧಿಪತ್ರವೂ ಮಾಡಲಾಗದ ಕೆಲಸವನ್ನು ಒಬ್ಬ ದಾದಿ ಮಾಡಿದಳು.

ನಾಟಕಕಾರ ಬೋಮಾರ್ಶೆಯೂ ಈ ಧಾಟಿಯನ್ನು ಹಿಡಿದ. ೧೭೮೪ರ ಏಪ್ರಿಲಿನಲ್ಲಿ ರಂಗಕ್ಕೆ ಬಂದ ಅವನ ‘ಫಿಗಾರೋನ ಮದುವೆ’ಯಲ್ಲಿ ಊಳಿಗದ ಹುಡುಗನೊಬ್ಬ ತನ್ನ ಒಡತಿಯ ಮುಂದೆ ಹಾಡುವ ಹಾಡನ್ನು ಇದೇ ಧಾಟಿಗೆ ಕೂಡಿಸಿದ. ಒಡೆಯರನ್ನು ಆಳುಗಳು ಜಾಣತನದಿಂದ ಸೋಲಿಸುವ ಆ ನಾಟಕವನ್ನು ರಾಜ ಬಹುಕಾಲ ತಡೆಹಿಡಿದಿದ್ದ. ಹೀಗೆ ಅರಮನೆಯ ತೊಟ್ಟಿಲಿನ ಹಾಡು, ಅರಮನೆಯನ್ನೇ ಅಲುಗಿಸುವ ಗಾಳಿಯೊಡನೆಯೂ ಬೆರೆಯಿತು.

ಮೈಸೂರಿನ ರಾಯಭಾರಿಗಳು

ಈ ಅರಮನೆಗೂ ನಮ್ಮ ನಾಡಿಗೂ ಇದೇ ವರ್ಷಗಳಲ್ಲಿ ಒಂದು ನೇರವಾದ ನಂಟು ಕೂಡಿತು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೋರಿ ಟಿಪ್ಪು ಸುಲ್ತಾನ ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದ: ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ೧೭೮೭ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದ ಅವರು ೧೭೮೮ರ ಜೂನಿನಲ್ಲಿ ತೂಲಾನ್ ಬಂದರಿನಲ್ಲಿ ಇಳಿದರು. ಆಗಸ್ಟ್ ೧೦ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿ ಅವರಿಗೆ ವೈಭವದಿಂದ ದರ್ಶನ ಕೊಟ್ಟ. ಪ್ಯಾರಿಸ್ಸಿನ ಜನ ಅವರನ್ನು ನೋಡಲು ಮುಗಿಬಿದ್ದರು. ಆ ಕಾಲದ ಪ್ರಸಿದ್ಧ ಚಿತ್ರಕಾರ್ತಿ ವಿಜೆ ಲಬ್ರಾಂ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು.

ಆದರೆ ಬಂದ ಕೆಲಸ ಆಗಲಿಲ್ಲ. ಫ್ರೆಂಚ್ ಬೊಕ್ಕಸ ಬರಿದಾಗಿತ್ತು. ಇಂಗ್ಲಿಷರೊಡನೆ ಇನ್ನೊಂದು ಯುದ್ಧಕ್ಕೆ ರಾಜ ಸಿದ್ಧನಿರಲಿಲ್ಲ. ಪಿಂಗಾಣಿಯೇ ಮೊದಲಾದ ಉಡುಗೊರೆಗಳೊಡನೆ ರಾಯಭಾರಿಗಳು ಹಿಂದಿರುಗಿದರು. ಇಂಗ್ಲಿಷ್ ಸೇನಾಪತಿಯ ಸಾವನ್ನು ತೋಟದಲ್ಲಿ ಹಾಡಿ ನಲಿಯುತ್ತಿದ್ದ ದರ್ಬಾರು, ನಿಜವಾದ ಇಂಗ್ಲಿಷ್ ಸೇನಾಪತಿಗಳನ್ನು ಎದುರಿಸಲು ಒಂದು ದಂಡನ್ನು ಕಳುಹಿಸಲಾರದೆ ಹೋಯಿತು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಅದಕ್ಕೂ ಮೊದಲೇ ಫ್ರಾನ್ಸಿನಲ್ಲಿ ಎಲ್ಲವೂ ತಲೆಕೆಳಗಾಗಿತ್ತು. ಪ್ವಾತ್ರಿನ್ ಹಾಲೂಡಿಸಿದ ಮಗು ೧೭೮೯ರ ಜೂನಿನಲ್ಲಿ, ಏಳು ವರ್ಷಕ್ಕೆ, ಕ್ಷಯದಿಂದ ಸತ್ತಿತು. ಮರು ತಿಂಗಳೇ ಕ್ರಾಂತಿ. ೧೭೯೩ರಲ್ಲಿ ರಾಜನೂ ರಾಣಿಯೂ ಗಿಲೋಟಿನ್ನಿಗೆ ತಲೆಯೊಡ್ಡಿದರು. ಹಾಡು ಮಾತ್ರ ಉಳಿಯಿತು.

ಊರೂರು ಸುತ್ತಿದ ಧಾಟಿ

ಅಷ್ಟು ಹೊತ್ತಿಗೆ ಅದು ಗಡಿ ದಾಟಿತ್ತು. ಜರ್ಮನ್ ಕವಿ ಗಯಟೆ ಇಟಲಿಯಲ್ಲಿ ಸುತ್ತಾಡಿ ಬಂದ ಮೇಲೆ ಬರೆದ ‘ರೋಮನ್ ಶೋಕಗೀತೆ’ಗಳಲ್ಲಿ, ಪ್ರಯಾಣಿಕನನ್ನು ಊರಿಂದೂರಿಗೆ ಅಟ್ಟಿಸಿಕೊಂಡು ಬರುವ ಮಾಲ್ಬ್ರೂ ಹಾಡಿನ ಕಾಟವನ್ನು ನೆನೆಯುತ್ತಾನೆ. ಸ್ಪೇನಿನಲ್ಲಿ ಮಾಲ್ಬ್ರೂ ‘ಮಂಬ್ರೂ’ ಆದ. ಅಲ್ಲಿಯೂ, ಸ್ಪ್ಯಾನಿಷ್ ಆಡುವ ದಕ್ಷಿಣ ಅಮೆರಿಕದಲ್ಲಿಯೂ ಮಕ್ಕಳು ಅವನ ಹೆಸರು ಹೇಳಿ ಆಡತೊಡಗಿದರು. ಮಾರ್ಲ್‌ಬರೋ, ಮಾಲ್ಬ್ರೂ, ಮಂಬ್ರೂ ಎಂದು ನಾಲಿಗೆಯಿಂದ ನಾಲಿಗೆಗೆ ಹೆಸರು ಸವೆಯುತ್ತ ಹೋಯಿತು. ‘ಹಾಸ್ಪಿಟಲ್’ ಎಂಬುದನ್ನು ‘ಆಸ್ಪತ್ರೆ’ ಮಾಡಿಕೊಂಡ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಪರರ ಹೆಸರು ನಮ್ಮ ಬಾಯಿಗೆ ಹೊಂದಿಕೊಂಡಾಗಲೇ ಅದು ನಮ್ಮದಾಗುವುದು.

೧೮೧೩ರಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ವೆಲಿಂಗ್ಟನ್ ಫ್ರೆಂಚರನ್ನು ಸೋಲಿಸಿದ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ಆ ಜಯವನ್ನು ಕುರಿತು ಬೀಥೋವನ್ ರಚಿಸಿದ ವಾದ್ಯಸಂಗೀತದಲ್ಲಿ ಬ್ರಿಟಿಷ್ ಪಡೆಗೆ ‘ರೂಲ್ ಬ್ರಿಟಾನಿಯಾ’ ಗುರುತಾದರೆ, ಫ್ರೆಂಚ್ ಪಡೆಗೆ ಗುರುತಾಗಿ ಬರುವುದು ಮಾಲ್ಬ್ರೂ ಧಾಟಿ. ಕೊನೆಯಲ್ಲಿ ಅದೇ ಧಾಟಿ ಕುಂಟುತ್ತ, ಶೋಕದ ಸ್ವರಕ್ಕೆ ಇಳಿದು, ಸೋತ ಸೈನ್ಯ ಹಿಮ್ಮೆಟ್ಟುವುದನ್ನು ತೋರಿಸುತ್ತದೆ. ಇಂಗ್ಲಿಷ್ ಸೇನಾಪತಿಯ ಹೆಸರಿನ ಹಾಡು ಫ್ರಾನ್ಸಿನ ಪ್ರತಿನಿಧಿಯಾಗಿ ಇಂಗ್ಲಿಷ್ ಸೇನಾಪತಿಯ ಎದುರು ಸೋಲುತ್ತದೆ! ನೆಪೋಲಿಯನ್ ಸೇಂಟ್ ಹೆಲೀನಾ ದ್ವೀಪದಲ್ಲಿ ಸೆರೆಯಲ್ಲಿದ್ದಾಗ ಮಾರ್ಲ್‌ಬರೋನ ಯುದ್ಧ ಚಾತುರ್ಯವನ್ನು ಹೊಗಳಿ, ಪರಿಹಾಸ್ಯವೆಂಬುದು ಎಂಥ ಗೆಲುವಿಗೂ ಮಸಿ ಬಳಿಯುತ್ತದಲ್ಲ ಎಂದು ನಗುತ್ತ ಈ ಹಾಡನ್ನು ಗುನುಗಿದನೆಂದು ಅವನ ಜೊತೆಗಿದ್ದವರು ಬರೆದಿಟ್ಟಿದ್ದಾರೆ.

ಟಾಲ್‌ಸ್ಟಾಯ್ ‘ಯುದ್ಧ ಮತ್ತು ಶಾಂತಿ’ಯಲ್ಲಿ ಈ ಹಾಡನ್ನು ಬಳಸಿರುವ ರೀತಿ ಮನಮುಟ್ಟುವಂಥದು. ೧೮೦೫ರಲ್ಲಿ ಮಗ ಆಂಡ್ರೆ ಯುದ್ಧಕ್ಕೆ ಹೊರಡುವಾಗ ಮುದುಕ ಬೋಲ್ಕೊನ್‌ಸ್ಕಿ ತನ್ನ ಒಡಕು ದನಿಯಲ್ಲಿ ಮಾಲ್ಬ್ರೂ ಹಾಡುತ್ತಾನೆ. ಬಾಯಿಬಿಟ್ಟು ಹೇಳಲಾರದ ಭಯವನ್ನು ಮುದುಕ ಅಣಕದ ಹಾಡಿನಲ್ಲಿ ಮುಚ್ಚಿಕೊಳ್ಳುತ್ತಾನೆ. ಮುಂದೆ ಮಗ ಸತ್ತನೆಂದೇ ಮುದುಕ ನಂಬುತ್ತಾನೆ. ಆದರೆ ಅವನು ಬದುಕಿ ಬರುತ್ತಾನೆ. ಬಂದ ರಾತ್ರಿಯೇ ಅವನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತಾಳೆ. ಕಾದವಳು ಹೋದಳು, ಹೋದವನು ಬಂದ. ನಮ್ಮ ‘ಕೆರೆಗೆ ಹಾರ’ವನ್ನು ಕೇಳಿ ಬೆಳೆದವರಿಗೆ ಈ ತಿರುವು ಮುರುವು ಎದೆಗೆ ತಟ್ಟದೆ ಇರದು. ಅಲ್ಲಿಯೂ ದಂಡಿನಿಂದ ಓಡಿಬರುವ ಗಂಡನಿಗೆ ಕಾಣುವುದು ಹೆಂಡತಿಯಿಲ್ಲದ ಮನೆ.

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಈ ಧಾಟಿ ಔತಣಕೂಟಗಳ ‘ಜಾಲಿ ಗುಡ್ ಫೆಲೋ’ ಆಯಿತು. ಅಮೆರಿಕದ ಮಕ್ಕಳು ಅದೇ ಧಾಟಿಯಲ್ಲಿ ಗುಡ್ಡ ಹತ್ತಿ ಹೋದ ಕರಡಿಯ ಹಾಡನ್ನು ಹಾಡಿದರು. ಇಂಗ್ಲಿಷರು ಬಂದ ದಾರಿಯಲ್ಲೇ ಅದು ಇಂಡಿಯಾದ ಕ್ಲಬ್ಬುಗಳಿಗೂ ಕಚೇರಿಗಳಿಗೂ ಬಂತು. ತಮ್ಮ ದಂಡನಾಯಕನನ್ನು ಹೂಳಲು ಕಟ್ಟಿದ ಧಾಟಿಯಲ್ಲಿಯೇ ಇಂಗ್ಲಿಷರು ತಮ್ಮವರನ್ನು ಹರಸಿದರು.

ಈ ಮಾರ್ಲ್‌ಬರೋನ ವಂಶಕ್ಕೂ ಬೆಂಗಳೂರಿಗೂ ಒಂದು ನಂಟಿದೆ. ೧೮೭೪ರಲ್ಲಿ ಡ್ಯೂಕ್‌ನ ಬ್ಲೆನ್‌ಹೈಮ್ ಅರಮನೆಯಲ್ಲಿಯೇ ಹುಟ್ಟಿದ ವಿನ್‌ಸ್ಟನ್ ಚರ್ಚಿಲ್, ೧೮೯೬ರಲ್ಲಿ ಕುದುರೆ ಪಡೆಯ ಕಿರಿಯ ಅಧಿಕಾರಿಯಾಗಿ ಬೆಂಗಳೂರು ದಂಡಿಗೆ ಬಂದ. ಬೆಂಗಳೂರು ಕ್ಲಬ್ಬಿನ ಹಳೆಯ ದಫ್ತರದಲ್ಲಿ ಅವನ ಹೆಸರಿನಲ್ಲಿ ವಸೂಲಾಗದೆ ಉಳಿದ ಹದಿಮೂರು ರೂಪಾಯಿ ಬಾಕಿಯ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಅವನು ಬೆಂಗಳೂರಿನ ಮಧ್ಯಾಹ್ನಗಳನ್ನು ಕಳೆದದ್ದು ಗಿಬ್ಬನ್ ಮತ್ತು ಮೆಕಾಲೆಯ ಚರಿತ್ರೆಗಳನ್ನು ಓದುತ್ತ. ಮೆಕಾಲೆ ಮಾರ್ಲ್‌ಬರೋನನ್ನು ದುರಾಸೆಯ, ವಿಶ್ವಾಸಘಾತಕ ಮನುಷ್ಯನೆಂದು ಚಿತ್ರಿಸಿದ್ದ. ಅದಕ್ಕೆ ಉತ್ತರವಾಗಿ ಚರ್ಚಿಲ್ ೧೯೩೩ರಿಂದ ೧೯೩೮ರವರೆಗೆ ತನ್ನ ಪೂರ್ವಜನ ಚರಿತ್ರೆಯನ್ನು ನಾಲ್ಕು ದೊಡ್ಡ ಸಂಪುಟಗಳಲ್ಲಿ ಬರೆದ. ನಾಲ್ಕು ಸಂಪುಟಗಳನ್ನು ಓದಿದವರು ಎಷ್ಟು ಮಂದಿಯೋ, ಹಾಡನ್ನು ಹಾಡುವ ಮಕ್ಕಳ ಸಂಖ್ಯೆ ಅದರ ಎಷ್ಟೋ ಪಾಲು ದೊಡ್ಡದು.

ಬರಿಗೈಯ ನಾಲ್ಕನೆಯವನು

ಹಾಗಾದರೆ ಈ ಹಾಡಿನ ಅರ್ಥವೇನು? ಮಕ್ಕಳ ಹಾಡುಗಳಲ್ಲಿ ಗುಪ್ತ ಸಂಕೇತಗಳನ್ನು ಹುಡುಕುವ ಚಪಲ ಎಲ್ಲ ದೇಶಗಳಲ್ಲಿಯೂ ಇದೆ. ಮಾಲ್ಬ್ರೂ ಹಾಡಿಗೆ ಅಂಥ ಬೀಗದ ಕೈ ಬೇಕಿಲ್ಲ. ಅದು ದ್ವೇಷದಿಂದ ಹುಟ್ಟಿತು, ಆದರೆ ದ್ವೇಷದಿಂದ ಬಾಳಲಿಲ್ಲ. ಅಣಕಿಸಲು ಹೊರಟ ಕವಿ, ಆತ ಯಾರೇ ಆಗಿರಲಿ, ಶತ್ರುವಿನ ಮನೆಯ ಗೋಪುರವನ್ನು ಹತ್ತಬೇಕಾಯಿತು. ಅಲ್ಲಿ ನಿಂತು ನೋಡಿದಾಗ ಕಂಡದ್ದು ದಾರಿ ಕಾಯುವ ಒಬ್ಬ ಹೆಂಗಸು. ಹಬ್ಬಕ್ಕೆ ಬರುತ್ತೇನೆಂದವನು ಹಬ್ಬ ಕಳೆದರೂ ಬರಲಿಲ್ಲ ಎಂಬ ಸಂಕಟ ಇಂಗ್ಲಿಷ್ ಡಚೆಸ್ಸಿಗೂ ಒಂದೇ, ಮಾಲ್ಪ್ಲಾಕೆಯಲ್ಲಿ ಮಗನನ್ನು ಕಳೆದುಕೊಂಡ ಫ್ರೆಂಚ್ ರೈತನ ಹೆಂಡತಿಗೂ ಒಂದೇ. ಹಳ್ಳಿಯ ತಾಯಂದಿರು ಹಾಡನ್ನು ಎಪ್ಪತ್ತು ವರ್ಷ ಕಾಪಾಡಿದ್ದು ಈ ಕಾರಣಕ್ಕೆ ಎಂದೇ ನಾವು ಭಾವಿಸುತ್ತೇವೆ. ಶತ್ರುವಿನ ಹೆಸರಿನ ಮರೆಯಲ್ಲಿ ಅವರು ತಮ್ಮವರಿಗಾಗಿ ಅತ್ತರು. ಕುಣಿಯುವ ಪಲ್ಲವಿ ಆ ಅಳುವನ್ನು ಮಗುವಿಗೆ ಕಾಣದಂತೆ ಮುಚ್ಚಿತು.

ಇನ್ನು ಆ ಬರಿಗೈಯ ನಾಲ್ಕನೆಯ ಅಧಿಕಾರಿ. ಮೂವರು ಒಂದೊಂದು ವಸ್ತುವನ್ನು ಹೊತ್ತ ಮೇಲೆ ನಾಲ್ಕನೆಯವನು ಏನನ್ನು ಹೊರುತ್ತಾನೋ ಎಂದು ಕಾದ ಮಕ್ಕಳು, ಏನೂ ಇಲ್ಲ ಎಂದಾಗ ಕಿಲಕಿಲ ನಗುತ್ತಾರೆ. ದೊಡ್ಡವರಿಗೆ ಅದೇ ಮಾತು ಬೇರೆ ರೀತಿ ಕೇಳಿಸುತ್ತದೆ. ಕವಚ, ಗುರಾಣಿ, ಖಡ್ಗ ಎಲ್ಲ ಎಣಿಸಿದ ಮೇಲೆ ಯುದ್ಧದಿಂದ ಮನೆಗೆ ಬಂದು ಸೇರುವುದು ಕೊನೆಗೆ ಏನು? ಮಾಲ್ಪ್ಲಾಕೆಯಲ್ಲಿ ಬಿದ್ದ ಮೂವತ್ತು ಸಾವಿರಕ್ಕೂ ಮಿಕ್ಕ ಜನರ ಮನೆಗಳಿಗೆ ಬಂದದ್ದು ಆ ನಾಲ್ಕನೆಯವನ ಕೈಯಲ್ಲಿದ್ದದ್ದೇ. ಒಂದೇ ಸಾಲು ಮಗುವನ್ನು ನಗಿಸುತ್ತದೆ, ಮುದುಕನನ್ನು ಸುಮ್ಮನಾಗಿಸುತ್ತದೆ. ಇಂಥ ಸಾಲನ್ನು ಒಬ್ಬ ಕವಿ ಕೂತು ಬರೆಯುವುದು ಕಷ್ಟ. ನೂರು ಬಾಯಿಗಳಲ್ಲಿ ಹೊರಳಿದ ಮೇಲೆ ಅದು ಆ ಹೊಳಪು ಪಡೆಯುತ್ತದೆ.

ಈ ಚರಿತ್ರೆಯಲ್ಲಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಹೆಚ್ಚು ಹತ್ತಿರವಾಗುವವಳು ಮದಾಮ್ ಪ್ವಾತ್ರಿನ್. ಅವಳೂ ಹೊಟ್ಟೆಪಾಡಿಗೆ ಹಳ್ಳಿಯಿಂದ ದೊಡ್ಡ ಊರಿಗೆ ಬಂದವಳು. ಅರಮನೆಯ ಭಾಷೆ, ನಡೆ, ಉಡುಗೆ ಯಾವುದೂ ಅವಳದಲ್ಲ. ಆದರೆ ಮಗು ಅತ್ತಾಗ ಅವಳ ಬಾಯಿಗೆ ಬಂದದ್ದು ತನ್ನ ಅಜ್ಜಿಯ, ತನ್ನ ತಾಯಿಯ ಹಾಡು. ಅದು ಗ್ರಾಮ್ಯವೆಂದು ನಾಚಿ ಅವಳು ಸುಮ್ಮನಿದ್ದಿದ್ದರೆ ಬೋಮಾರ್ಶೆಗೂ ಬೀಥೋವನ್‌ಗೂ ಆ ಧಾಟಿ ಹೀಗೆ ಕೈಗೆ ಸಿಗುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿಯೂ ಅಂಥ ಹಾಡುಗಳಿವೆ. ಧಾರವಾಡದ ಕಡೆಯಿಂದ, ಮಲೆನಾಡಿನಿಂದ, ಕರಾವಳಿಯಿಂದ ಬಂದು ಈ ನಗರಗಳ ಎರಡು ಕೋಣೆಗಳ ಮನೆಗಳಲ್ಲಿ ನೆಲೆಸಿದ ಅಜ್ಜಿಯರು ಮೊ‌ಮ್ಮಕ್ಕಳನ್ನು ಕಾಲ ಮೇಲೆ ಮಲಗಿಸಿಕೊಂಡು ಹಾಡುವ ಹಾಡುಗಳಲ್ಲಿ ಯಾರದೋ ದಂಡು, ಯಾವುದೋ ಬರ, ಎಲ್ಲಿಯದೋ ಕೋಟೆಯ ಹೆಸರುಗಳು ಇಣುಕುತ್ತವೆ. ಅರ್ಥ ಕೇಳಿದರೆ ‘ಅದೇನೋ ಮಗಾ, ನಮ್ಮಮ್ಮ ಹೀಗೇ ಹಾಡ್ತಿದ್ಳು’ ಎಂಬ ಉತ್ತರ ಬರುತ್ತದೆ. ಬಾಯಿಂದ ಬಾಯಿಗೆ ಬಂದದ್ದು ಒಂದು ಬಾಯಿ ಮುಚ್ಚಿದರೆ ಅಲ್ಲಿಗೇ ನಿಲ್ಲುತ್ತದೆ. ಇಂಗ್ಲಿಷ್ ಮತ್ತು ಹಿಂದಿ ಹಾಡುಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳ ಕಾಲಕ್ಕೆ ಅವು ಉಳಿಯಬೇಕಾದರೆ ಕೇಳಿಸಿಕೊಳ್ಳುವ ಕೆಲಸ ಈಗಲೇ ಆಗಬೇಕು.

ಆದುದರಿಂದ ಓದುಗರಲ್ಲಿ ಒಂದು ಬಿನ್ನಹ. ಮನೆಯ ಹಿರಿಯರು ಹಾಡುವ ಜೋಗುಳ, ಶಿಶುಪ್ರಾಸಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ಊರಿನದು, ಯಾರಿಂದ ಕಲಿತದ್ದು ಎಂಬುದನ್ನು ಜೊತೆಗೆ ಗುರುತಿಸಿ. ಬರೆಯುವಾಗ ತಿದ್ದಬೇಡಿ. ಅರ್ಥವಾಗದ ಶಬ್ದವಿದ್ದರೆ ಹಾಗೆಯೇ ಇರಲಿ, ಕೆಟ್ಟುಹೋದ ಹೆಸರಿದ್ದರೆ ಹಾಗೆಯೇ ಇರಲಿ. ಮಾಲ್ಬ್ರೂ ಎಂಬುದು ತಪ್ಪು, ಮಾರ್ಲ್‌ಬರೋ ಎನ್ನಬೇಕು ಎಂದು ಯಾರಾದರೂ ಪಂಡಿತರು ಆ ದಾದಿಯನ್ನು ತಡೆದಿದ್ದರೆ, ತೊಟ್ಟಿಲಿನ ಮಗು ಆ ರಾತ್ರಿ ನಿದ್ದೆ ಹೋಗುತ್ತಿರಲಿಲ್ಲ.